ಧನುರ್ಮಾಸದಲ್ಲಿ ಓಣಿಯವರೆಲ್ಲ ಕೂಡಿ ಕೌದಿ ಹೊಲಿಯುವ ಬಗೆ

ಹಳೆಯ ಬಟ್ಟೆಯ ಪದರಗಳನ್ನು ಕೂಡಿಸಿ ಕೈಯಲ್ಲಿ ಹೊಲಿದ ಹೊದಿಕೆಯೇ ಕೌದಿ. ಹಳ್ಳಿಗಳಲ್ಲಿ ಅದನ್ನು ಹೊಲಿಯುವ ಕಾಲ ಸಾಮಾನ್ಯವಾಗಿ ಬೇಸಿಗೆ. ರಾಶಿ ಮುಗಿದು, ಮುಂಗಾರು ಬರುವವರೆಗೆ ಹೊಲದಲ್ಲಿ ಹೆಚ್ಚು ಕೆಲಸವಿರದ ಆ ತಿಂಗಳುಗಳಲ್ಲಿ ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ಪಡಸಾಲೆಯಲ್ಲೋ ಬೇವಿನ ಗಿಡದ ನೆರಳಿನಲ್ಲೋ ಹಳೆಯ ಸೀರೆ, ಧೋತರಗಳನ್ನು ಹಾಸಿಕೊಂಡು ಕೂರುತ್ತಾರೆ. ಒಕ್ಕಲುತನದ ಮನೆಗೆ ಇದು ಸರಿಯಾದ ಲೆಕ್ಕ. ಆದರೆ ಇಳಕಲ್, ಗುಳೇದಗುಡ್ಡ, ಲಕ್ಷ್ಮೇಶ್ವರ, ಬೆಟಗೇರಿಯಂಥ ಊರುಗಳಲ್ಲಿ, ಮಗ್ಗ, ಅಂಗಡಿ, ಶಾಲೆ, ಕಚೇರಿಗಳ ಸುತ್ತ ದಿನ ಸಾಗುವ ಓಣಿಗಳಲ್ಲಿ, ನಾಲ್ಕಾರು ಮನೆಯವರು ಕೂಡಿ ಒಂದು ಕೌದಿ ಹೊಲಿಯಬೇಕೆಂದರೆ ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗಿನ ನಾಲ್ಕು ವಾರಗಳೇ ಹೆಚ್ಚು ಅನುಕೂಲ. ಧನುರ್ಮಾಸದಲ್ಲಿ ಮದುವೆ, ಗೃಹಪ್ರವೇಶಗಳನ್ನು ಇಟ್ಟುಕೊಳ್ಳದ ಮನೆಗಳೇ ಹೆಚ್ಚಾದ್ದರಿಂದ ಬಂಧು ಬಳಗದ ಓಡಾಟ ಕಡಿಮೆಯಾಗಿರುತ್ತದೆ. ಮಧ್ಯಾಹ್ನದ ಬಿಸಿಲು ಹಿತವಾಗಿರುವುದರಿಂದ ಮಾಳಿಗೆಯ ಮೇಲೆ ಎರಡು ತಾಸು ಕೂರಲು ಯಾರೂ ಬೇಸರಿಸುವುದಿಲ್ಲ. ರಾತ್ರಿಯ ಚಳಿ ಎಷ್ಟು ದಪ್ಪದ ಹೊದಿಕೆ ಬೇಕೆಂಬುದನ್ನು ತಾನೇ ಹೇಳಿಕೊಡುತ್ತದೆ.

ಕೌದಿಯ ಹೊಲಿಗೆ ಕಷ್ಟದ್ದಲ್ಲ. ಸೂಜಿಯನ್ನು ಕೆಳಗಿಳಿಸಿ ಮೇಲೆತ್ತುವುದು ಬಂದರೆ ಸಾಕು. ಕೂಡಿ ಹೊಲಿಯುವ ಕೌದಿ ಅರ್ಧಕ್ಕೆ ನಿಲ್ಲುವುದು ಬೇರೆ ಕಾರಣಗಳಿಗೆ: ಕೌದಿ ಯಾರಿಗೆಂದು ಮೊದಲೇ ತೀರ್ಮಾನವಾಗಿರುವುದಿಲ್ಲ, ಯಾರು ಯಾವ ಬದಿಯಲ್ಲಿ ಕೂರಬೇಕೆಂದು ಯೋಚಿಸಿರುವುದಿಲ್ಲ, ಒಬ್ಬರ ಹೊಲಿಗೆಯನ್ನು ಇನ್ನೊಬ್ಬರು ಬಿಚ್ಚಿ ತಿದ್ದಲು ಹೋಗಿರುತ್ತಾರೆ. ಆದ್ದರಿಂದ ವಿನ್ಯಾಸದ ಮಾತಿಗಿಂತ ಮೊದಲು ಜನರ ಮಾತನ್ನು ಇಲ್ಲಿ ಹೇಳುತ್ತೇನೆ.

ಯಾರಿಗೆ, ಯಾವ ದಿನಗಳಲ್ಲಿ

ಬಟ್ಟೆ ಕೂಡಿಸುವ ಮುನ್ನವೇ ಕೌದಿ ಯಾರ ಮನೆಗೆ ಹೋಗುತ್ತದೆ ಎಂಬುದನ್ನು ಎಲ್ಲರೂ ಸೇರಿ ತೀರ್ಮಾನಿಸಬೇಕು. ಓಣಿಯಲ್ಲಿ ಆ ವರ್ಷ ಬಾಣಂತನಕ್ಕೆ ತವರಿಗೆ ಬಂದ ಮಗಳಿದ್ದರೆ ಅವಳ ಕೂಸಿಗೆಂದು ಮೂರು ಅಡಿ ಅಗಲ, ನಾಲ್ಕು ಅಡಿ ಉದ್ದದ ಸಣ್ಣ ಕೌದಿ ಮಾಡುವುದು ಅತ್ಯುತ್ತಮ ಆರಂಭ. ಹೊಸಬರ ಕೈ ಅದರಲ್ಲೇ ಪಳಗುತ್ತದೆ, ಕೆಲಸವೂ ಬೇಗ ಮುಗಿದು ಉತ್ಸಾಹ ಉಳಿಯುತ್ತದೆ. ದೊಡ್ಡದನ್ನೇ ಹೊಲಿಯುವುದಾದರೆ ಮಕ್ಕಳು ದೂರದ ಊರು ಸೇರಿ ಒಬ್ಬರೇ ಉಳಿದಿರುವ ಹಿರಿಯರಿಗೆ ಕೊಡಬಹುದು. ಒಮ್ಮತವೇ ಬಾರದಿದ್ದರೆ ಹೊಲಿದವರ ಹೆಸರಿನ ಚೀಟಿ ಬರೆದು ಸಂಕ್ರಾಂತಿಯ ದಿನ ಒಂದನ್ನು ಮಗುವಿನ ಕೈಯಿಂದ ಎತ್ತಿಸುವುದು ಸರಳ ದಾರಿ. ಗುಡಿಯ ಸವಾಲಿಗೆ, ಅಂದರೆ ಹರಾಜಿಗೆ, ಇಟ್ಟು ಬಂದ ಹಣವನ್ನು ಓಣಿಯ ಕೆಲಸಕ್ಕೆ ಬಳಸುವವರೂ ಇದ್ದಾರೆ, ಅದು ತಪ್ಪಲ್ಲ. ಆದರೆ ಹಣದ ಮಾತು ಬಂದ ಕೂಡಲೇ ಯಾರ ಸಾಲು ನೆಟ್ಟಗಿದೆ, ಯಾರದು ಸೊಟ್ಟಗಿದೆ ಎಂಬ ಲೆಕ್ಕವೂ ಶುರುವಾಗುತ್ತದೆಯಾದ್ದರಿಂದ ಮೊದಲ ವರ್ಷಕ್ಕೆ ಅದನ್ನು ನಾನು ಸೂಚಿಸುವುದಿಲ್ಲ.

ದಿನಗಳನ್ನು ಗೊತ್ತು ಮಾಡುವಾಗ ಪಂಚಾಂಗವನ್ನು ಎದುರಿಗಿಟ್ಟುಕೊಳ್ಳಿ. ಎಳ್ಳ ಅಮಾವಾಸ್ಯೆ ಒಂದೊಂದು ವರ್ಷ ಒಂದೊಂದು ದಿನಕ್ಕೆ ಬರುತ್ತದೆ: 2024ರಲ್ಲಿ ಅದು ಡಿಸೆಂಬರ್ 30ರಂದು ಬಂದಿತ್ತು, 2025ರಲ್ಲಿ ಡಿಸೆಂಬರ್ 19ರಂದು. ಆ ದಿನ ಓಣಿಗೆ ಓಣಿಯೇ ಬರಿದಾಗುತ್ತದೆ. ಹೊಲ ಇದ್ದವರು ಸಜ್ಜೆಯ ರೊಟ್ಟಿ, ಶೇಂಗಾ ಹೋಳಿಗೆ, ಬದನೆಕಾಯಿ ಎಣ್ಣೆಗಾಯಿ, ಬಗೆಬಗೆಯ ಹಿಂಡಿಗಳನ್ನು ಬುಟ್ಟಿಯಲ್ಲಿ ಕಟ್ಟಿಕೊಂಡು, ಹೊಲಕ್ಕೆ ನೈವೇದ್ಯವಾಗಿ ಚರಗ ಚೆಲ್ಲಲು ಹೊರಡುತ್ತಾರೆ, ಹೊಲ ಇಲ್ಲದವರು ಅವರ ಹಿಂದೆ ಊಟಕ್ಕೆ ಹೊರಡುತ್ತಾರೆ. ಅದರ ಹಿಂದಿನ ದಿನವೂ ಅಡುಗೆ ಮನೆಯ ಹೆಣ್ಣುಮಕ್ಕಳು ಸೂಜಿ ಹಿಡಿಯುವ ಸ್ಥಿತಿಯಲ್ಲಿರುವುದಿಲ್ಲ. ಬೆಟಗೇರಿಗೆ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ ಬಂದದ್ದು 1841ರಲ್ಲಿ, ಧಾರವಾಡ ಮತ್ತು ಹುಬ್ಬಳ್ಳಿಗೆ ಅದಕ್ಕಿಂತ ಸ್ವಲ್ಪ ಮೊದಲು. ಆ ಊರುಗಳ ಹಲವು ಓಣಿಗಳಲ್ಲಿ ಕ್ರೈಸ್ತ ಮನೆಗಳು ತಲೆಮಾರುಗಳಿಂದ ಇವೆ. ಅವರನ್ನು ಡಿಸೆಂಬರ್ ಮೂರನೆಯ ವಾರದಲ್ಲಿ ಕೌದಿಗೆ ಕರೆದರೆ ಬರಲಾಗುವುದಿಲ್ಲ. ಬಟ್ಟೆ ಆರಿಸುವ, ಕತ್ತರಿಸುವ ಮೊದಲ ಹಂತದಲ್ಲಿ ಅವರನ್ನು ಸೇರಿಸಿಕೊಂಡು, ಕ್ರಿಸ್‌ಮಸ್ ಕಳೆದ ಮೇಲೆ ಹೊಲಿಗೆಗೆ ಮತ್ತೆ ಕರೆಯಬೇಕು. ಬಾದಾಮಿಯ ಬನಶಂಕರಿ ಜಾತ್ರೆ ಪುಷ್ಯ ಮಾಸದ ಬನದ ಹುಣ್ಣಿಮೆಗೆ ನಡೆಯುತ್ತದೆ. ಅಲ್ಲಿಯ ತೇರು, ನಾಟಕ ಕಂಪನಿಗಳನ್ನು ಬಿಟ್ಟು ಕೌದಿಗೆ ಕೂರಿ ಎಂದು ಸುತ್ತಲಿನ ಊರಿನವರಿಗೆ ಹೇಳುವುದು ವ್ಯರ್ಥ.

ಇವನ್ನೆಲ್ಲ ಕಳೆದರೂ ವಾರಕ್ಕೆ ಮೂರು ದಿನದಂತೆ ಹತ್ತು ಬೈಠಕ್ಕುಗಳಿಗೆ ದಿನ ಸಿಗುತ್ತದೆ. ಮಧ್ಯಾಹ್ನ ಎರಡೂವರೆಯಿಂದ ನಾಲ್ಕೂವರೆ ಒಳ್ಳೆಯ ಹೊತ್ತು. ಅಷ್ಟರಲ್ಲಿ ಊಟದ ಪಾತ್ರೆ ತೊಳೆದಾಗಿರುತ್ತದೆ, ಮಕ್ಕಳು ಶಾಲೆಯಿಂದ ಬಂದಿರುವುದಿಲ್ಲ, ಬೆಳಕೂ ಚೆನ್ನಾಗಿರುತ್ತದೆ. ಸಂಜೆ ಐದೂವರೆಯ ನಂತರ ಡಿಸೆಂಬರಿನ ಬೆಳಕಿನಲ್ಲಿ ಕಪ್ಪು ಬಟ್ಟೆಯ ಮೇಲೆ ಹೊಲಿಯುವುದು ಕಣ್ಣಿಗೆ ಶಿಕ್ಷೆ.

ಬಟ್ಟೆ ಆರಿಸುವುದು

ಹಳೆಯ ಹತ್ತಿ ಬಟ್ಟೆಯೇ ಕೌದಿಯ ಜೀವ. ಉಟ್ಟು ಉಟ್ಟು ಮೆತ್ತಗಾದ ಇಳಕಲ್ ಸೀರೆಯ ಒಡಲು, ಧೋತರ, ಲುಂಗಿ, ಹತ್ತಿಯ ಅಂಗಿ, ಪರಕಾರದ ಬಟ್ಟೆ, ಹಾಸಿಗೆಯ ಚಾದರ ಎಲ್ಲವೂ ಆಗುತ್ತವೆ. ಪಾಲಿಸ್ಟರ್ ಮತ್ತು ನೈಲಾನ್ ಸೀರೆಗಳು ಎಷ್ಟೇ ಬಣ್ಣಬಣ್ಣವಾಗಿದ್ದರೂ ಬೇಡ. ಅವು ಬೆವರು ಹೀರುವುದಿಲ್ಲ, ಪದರಗಳ ನಡುವೆ ಜಾರುತ್ತವೆ. ಚಳಿ ಕಾಯಿಸಲು ಬೆಂಕಿಯ ಹತ್ತಿರ ಹೊದ್ದು ಕೂರುವ ಅಭ್ಯಾಸವಿರುವ ಮನೆಗಳಲ್ಲಿ ಇವು ಅಪಾಯಕಾರಿಯೂ ಹೌದು, ಏಕೆಂದರೆ ಕಿಡಿ ತಾಗಿದರೆ ಇಂಥ ಬಟ್ಟೆ ಕರಗಿ ಮೈಗೆ ಅಂಟಿಕೊಳ್ಳುತ್ತದೆ. ಜೀನ್ಸ್ ಬಟ್ಟೆ ಗಟ್ಟಿಮುಟ್ಟಾಗಿದ್ದರೂ ನಾಲ್ಕು ಪದರದ ಮೇಲೆ ಅದನ್ನಿಟ್ಟರೆ ಸೂಜಿ ಇಳಿಯುವುದಿಲ್ಲ. ಗುಳೇದಗುಡ್ಡದ ಖಣದ, ಅಂದರೆ ರವಿಕೆ ಬಟ್ಟೆಯ, ತುಂಡು ಮೇಲ್ಮೈಗೆ ಬಲು ಚೆಂದ, ಆದರೆ ಅದರ ಅಂಚಿನ ಎಳೆ ಬೇಗ ಬಿಚ್ಚುವುದರಿಂದ ಅರ್ಧ ಇಂಚಿಗಿಂತ ಹೆಚ್ಚು ಮಡಿಕೆ ಕೊಟ್ಟು, ಕಾಲು ಹಾಕುವ ಬದಿಯನ್ನು ಬಿಟ್ಟು ಬೇರೆಡೆ ಕೂರಿಸಬೇಕು.

ಬಟ್ಟೆ ಹಳೆಯದಾಗಿರಬೇಕೇ ಹೊರತು ಜೀರ್ಣವಾಗಿರಬಾರದು. ಎರಡೂ ಕೈಗಳಲ್ಲಿ ಹಿಡಿದು ಜಗ್ಗಿದಾಗ ಸದ್ದಿಲ್ಲದೆ ಬಿಟ್ಟುಕೊಳ್ಳುವ ಬಟ್ಟೆಯನ್ನು ಒಳಪದರಕ್ಕೂ ಹಾಕಬಾರದು. ಎರಡು ಸಲ ತೊಳೆಯುವಷ್ಟರಲ್ಲಿ ಅದು ಒಳಗೇ ಗಂಟುಗಂಟಾಗುತ್ತದೆ. ಬಣ್ಣ ಬಿಡುವ ಬಟ್ಟೆಯನ್ನು ಪತ್ತೆ ಹಚ್ಚಲು ಬಿಳಿಯ ಚಿಂದಿಯನ್ನು ನೀರಿನಲ್ಲಿ ಅದ್ದಿ ಆ ಬಟ್ಟೆಯ ಮೂಲೆಗೆ ಗಟ್ಟಿಯಾಗಿ ಉಜ್ಜಿ ನೋಡಿ. ಕೆಂಪು ದಡಿಯ ಸೀರೆಗಳ ಬಗ್ಗೆ ಹೆಚ್ಚು ಎಚ್ಚರ ಬೇಕು. ಎಲ್ಲ ಮನೆಗಳಿಂದ ಬಂದ ಬಟ್ಟೆಯನ್ನು ಒಮ್ಮೆ ತೊಳೆದು, ಬಿಸಿಲಿಗೆ ಒಣಗಿಸಿ, ಗುಂಡಿ, ಹುಕ್ಕು, ಫಾಲ್ ಕಿತ್ತು ಬೇರೆಯಿಡಬೇಕು. ಕಿತ್ತ ಫಾಲನ್ನು ಎಸೆಯಬೇಡಿ, ಅದು ಹತ್ತಿಯದಾಗಿದ್ದರೆ ಕೌದಿಯ ಅಂಚಿಗೆ ಪಟ್ಟಿಯಾಗಿ ಒದಗುತ್ತದೆ.

ಒಂದು ಮಾತು ಕತ್ತರಿಯ ಬಗ್ಗೆ. ಗಂಟಿನಲ್ಲಿ ಬಂದದ್ದನ್ನೆಲ್ಲ ಕತ್ತರಿಸಲು ಒಪ್ಪಿಗೆ ಸಿಕ್ಕಿದೆ ಎಂದು ತಿಳಿಯಬಾರದು. ತೀರಿಹೋದ ತಾಯಿಯ ಸೀರೆಯನ್ನು ಕೌದಿಗೆಂದು ಕೊಟ್ಟವರೂ ಅದರ ಸೆರಗನ್ನು ಇಡಿಯಾಗಿ ನೋಡಬೇಕೆಂದು ಬಯಸಿರಬಹುದು. ‘ಅತ್ತೀ, ಇದನ್ನ ಕತ್ತರಸ್ಲೇನ್ರಿ?’ ಎಂದು ಕೊಟ್ಟವರ ಎದುರಿಗೇ ಕೇಳಿ ಕತ್ತರಿ ಹಾಕುವುದು ಒಳ್ಳೆಯದು. ಇಳಕಲ್ ಸೀರೆಯ ಕೆಂಪು ಬಿಳುಪಿನ ಟೋಪು ತೆನೆ ಸೆರಗನ್ನಂತೂ ತುಂಡು ಮಾಡದೆ ಕೌದಿಯ ನಡುವಿಗೆ ಇಡಿಯಾಗಿ ಕೂರಿಸಿದರೆ ನೋಟಕ್ಕೂ ಮರ್ಯಾದೆಗೂ ಸರಿಹೋಗುತ್ತದೆ.

ಅಳತೆ ಮತ್ತು ಅಡಿಪದರ

ಒಬ್ಬರು ಹೊದೆಯುವ ಕೌದಿಗೆ ಸಿದ್ಧವಾದ ಮೇಲೆ ಐದೂವರೆ ಅಡಿ ಅಗಲ, ಏಳು ಅಡಿ ಉದ್ದ ಇರುವುದು ಹದ. ಐದೂವರೆ ಮೀಟರಿನ ಒಂದು ಸೀರೆ ಸುಮಾರು 18 ಅಡಿ ಉದ್ದವಿದ್ದು, ಅಗಲ ನಾಲ್ಕು ಅಡಿಗೆ ಸ್ವಲ್ಪ ಕಡಿಮೆ ಇರುತ್ತದೆ. ಅದನ್ನು ಆರು ಅಡಿಯ ಮೂರು ತುಂಡು ಮಾಡಿ, ಎರಡನ್ನು ಅಂಚಿಗೆ ಅಂಚು ಜೋಡಿಸಿದರೆ ಆರು ಅಡಿಗೆ ಏಳೂವರೆ ಅಡಿಯ ಒಂದು ಪದರ ಸಿಗುತ್ತದೆ. ಹೀಗೆ ಎರಡು ಸೀರೆಗಳಿಂದ ಆರು ತುಂಡು, ಆರು ತುಂಡಿನಿಂದ ಮೂರು ಪದರ: ಒಂದು ಕೆಳಗಿನ ಹಾಸು, ಎರಡು ಒಳಪದರ. ಇದರ ಮೇಲೆ ಬಣ್ಣದ ತೇಪೆಗಳು ಬಂದರೆ ನಾಲ್ಕು ಪದರವಾಗುತ್ತದೆ. ಧಾರವಾಡ, ಬೆಳಗಾವಿಯ ಕಡೆಯ ಚಳಿಗೆ ಅದು ಸಾಕು. ಇನ್ನೂ ದಪ್ಪ ಬೇಕೆನಿಸಿದರೆ ಒಂದು ಹಳೆಯ ಧೋತರವನ್ನು ನಡುವೆ ಹಾಕಬಹುದು. ಅದಕ್ಕಿಂತ ಹೆಚ್ಚಿನ ಪದರವನ್ನು ಹೊಸಬರು ಮುಟ್ಟದಿರುವುದೇ ಲೇಸು, ಕೈಬೆರಳು ನೊಂದು ಎರಡನೆಯ ದಿನಕ್ಕೇ ಬಿಟ್ಟು ಹೋಗುತ್ತಾರೆ.

ತುಂಡುಗಳನ್ನು ಜೋಡಿಸಲು ಮನೆಯ ಹೊಲಿಗೆ ಯಂತ್ರವನ್ನು ಬಳಸಬಹುದು, ಅದರಲ್ಲಿ ಸಂಕೋಚ ಬೇಡ. ಆದರೆ ಪದರಗಳನ್ನು ಕೂಡಿಸುವ ಹೊಲಿಗೆ ಕೈಯಲ್ಲೇ ಆಗಬೇಕು. ಯಂತ್ರದ ಒತ್ತಾದ, ಬಿಗಿಯಾದ ಹೊಲಿಗೆ ಹಳೆಯ ಬಟ್ಟೆಯನ್ನು ಸಾಲಿನುದ್ದಕ್ಕೂ ತೂತು ಮಾಡುತ್ತದೆ, ಬಟ್ಟೆ ಮುಂದೆ ಅದೇ ಗೆರೆಯಲ್ಲಿ ಹರಿಯುತ್ತದೆ. ಕೈಹೊಲಿಗೆಯಲ್ಲಿ ದಾರಕ್ಕೂ ಬಟ್ಟೆಗೂ ಸ್ವಲ್ಪ ಅಲುಗಾಡುವ ಅವಕಾಶವಿರುತ್ತದೆ. ಪದರದ ಜೋಡಣೆಯ ಗೆರೆಗಳು ಒಂದರ ಮೇಲೊಂದು ಬರದಂತೆ ಒಳಪದರವನ್ನು ಒಂದು ಗೇಣು ಸರಿಸಿ ಹಾಸುವುದನ್ನು ಮರೆಯಬಾರದು. ಗೆರೆಗಳು ಒಂದೇ ಕಡೆ ಬಿದ್ದರೆ ನಡುವೆ ಹಗ್ಗದಂಥ ಏಣು ಉಳಿದು ಮಲಗಿದವರ ಬೆನ್ನಿಗೆ ಒತ್ತುತ್ತದೆ.

ಹಾಸುವ ದಿನ ಎಲ್ಲರೂ ಬೇಕು. ಸಾರಿಸಿ ಒಣಗಿದ ಪಡಸಾಲೆಯಲ್ಲಿ ಅಥವಾ ಮಾಳಿಗೆಯಲ್ಲಿ ಚಾಪೆಗಳನ್ನು ಹಾಸಿ, ಅಡಿಪದರವನ್ನು ಹೊರಮೈ ಕೆಳಗಾಗುವಂತೆ ಹರಡಿ, ನಾಲ್ಕು ಮೂಲೆಗೆ ಕಲ್ಲಿಟ್ಟು, ಸುಕ್ಕನ್ನು ನಡುವಿನಿಂದ ಅಂಚಿನ ಕಡೆಗೆ ಅಂಗೈಯಿಂದ ಸವರಬೇಕು. ಪ್ರತಿ ಪದರಕ್ಕೂ ಹೀಗೆಯೇ. ಅಮೆರಿಕದ ಹಳ್ಳಿಗಳಲ್ಲಿ ಕೂಡಿ ಹೊಲಿಯುವವರು ಬಟ್ಟೆಯನ್ನು ಮರದ ಚೌಕಟ್ಟಿಗೆ ಬಿಗಿದು ಅದರ ಸುತ್ತ ಕುರ್ಚಿ ಹಾಕಿ ಕೂರುತ್ತಾರೆ. ನಮ್ಮಲ್ಲಿ ಚೌಕಟ್ಟಿನ ಕೆಲಸವನ್ನು ನೆಲವೇ ಮಾಡುತ್ತದೆ, ಆದ್ದರಿಂದ ಹಾಸುವಾಗ ಉಳಿದ ಸುಕ್ಕನ್ನು ಮುಂದೆ ಯಾವ ಬಿಗಿತವೂ ಸರಿಪಡಿಸದು. ಪದರಗಳು ಕೂತ ಮೇಲೆ ಗೇಣಿಗೊಂದರಂತೆ ಉದ್ದಕ್ಕೂ ಅಡ್ಡಕ್ಕೂ ದೊಡ್ಡ ದೊಡ್ಡ ಕಚ್ಚಾ ಹೊಲಿಗೆ ಹಾಕಿ. ಈ ಒಂದು ತಾಸಿನ ಕೆಲಸವನ್ನು ಬಿಟ್ಟವರು ಕೊನೆಗೆ ನಡುಭಾಗದಲ್ಲಿ ಉಬ್ಬಿ ನಿಂತ ಬಟ್ಟೆಯನ್ನು ನೋಡುತ್ತ ಕೂರಬೇಕಾಗುತ್ತದೆ.

ಕೂರುವ ಕ್ರಮ

ಕೌದಿಯನ್ನು ಒಂದು ಬದಿಯಿಂದ ಇನ್ನೊಂದು ಬದಿಗೆ ನೇರ ಸಾಲುಗಳಲ್ಲಿ ಹೊಲಿಯುವ ರೂಢಿಯೂ ಇದೆ, ಅಂಚಿನಿಂದ ಸುತ್ತುತ್ತ ನಡುವಿಗೆ ಬರುವ ರೂಢಿಯೂ ಇದೆ. ಒಬ್ಬರೇ ಹೊಲಿಯುವುದಾದರೆ ಎರಡೂ ಒಂದೇ. ಕೂಡಿ ಹೊಲಿಯುವುದಕ್ಕೆ ಎರಡನೆಯದನ್ನೇ ಆರಿಸಿ. ಅದರಲ್ಲಿ ನಾಲ್ಕು ಬದಿಗೆ ನಾಲ್ವರು ಏಕಕಾಲಕ್ಕೆ ಕೂರಬಹುದು, ಒಬ್ಬರು ಬಾರದಿದ್ದರೂ ಉಳಿದ ಮೂರು ಬದಿ ನಿಲ್ಲುವುದಿಲ್ಲ.

ಬಲಗೈಯವರ ಸೂಜಿ ಬಲದಿಂದ ಎಡಕ್ಕೆ ಹೋಗುತ್ತದೆ. ನಾಲ್ವರೂ ಒಂದೇ ದಿಕ್ಕಿಗೆ ಸಾಗಿದರೆ ಮೂಲೆಯಲ್ಲಿ ಒಬ್ಬರ ಸೂಜಿ ಇನ್ನೊಬ್ಬರ ಕೈಗೆ ಚುಚ್ಚುವುದಿಲ್ಲ. ಎಡಗೈಯವರು ಇದ್ದರೆ ಅವರಿಗೆ ತೇಪೆ ಮಡಚಿ ಕೂರಿಸುವ ಕೆಲಸವನ್ನು ಕೊಡಿ, ಅಥವಾ ಕೂಸಿನ ಕೌದಿಯನ್ನು ಅವರೇ ನೋಡಿಕೊಳ್ಳಲಿ. ಉದ್ದದ ಬದಿ ಏಳು ಅಡಿ, ಅಗಲದ ಬದಿ ಐದೂವರೆ ಅಡಿಯಾದ್ದರಿಂದ ಚುರುಕಾಗಿ ಹೊಲಿಯುವವರು ಉದ್ದಕ್ಕೂ, ನಿಧಾನದವರು ಅಗಲಕ್ಕೂ ಕೂತರೆ ಎಲ್ಲರ ಸುತ್ತು ಹೆಚ್ಚು ಕಡಿಮೆ ಒಟ್ಟಿಗೆ ಮುಗಿಯುತ್ತದೆ. ಮಂಡಿನೋವಿನವರನ್ನು ನೆಲಕ್ಕೆ ಕೂರಿಸಬಾರದು. ತೇಪೆಯ ಬಣ್ಣ ಜೋಡಿಸುವುದು, ಅಂಚನ್ನು ಬೆರಳಿನಿಂದ ಒತ್ತಿ ಮಡಚುವುದು ಕುರ್ಚಿಯ ಮೇಲೆ ಕೂತೂ ಆಗುವ ಕೆಲಸ, ಮತ್ತು ಅದಕ್ಕೆ ಅನುಭವ ಬೇಕು. ಸುತ್ತು ಒಳಗೆ ಬಂದಂತೆ ಹೊಲಿದವರು ಮುಗಿದ ಭಾಗದ ಮೇಲೆಯೇ ಕೂರಬೇಕಾಗುತ್ತದೆ. ಹಾಗೆ ಕೂರುವುದರಿಂದ ಬಟ್ಟೆ ಸರಿಯದೆ ನಿಲ್ಲುವ ಲಾಭವೂ ಇದೆ.

ಮಕ್ಕಳನ್ನು ದೂರವಿಡಬೇಕಾಗಿಲ್ಲ. ಶಾಲೆಯಿಂದ ಬಂದ ಮಕ್ಕಳ ಕಣ್ಣು ಚುರುಕು. ಹತ್ತಿಪ್ಪತ್ತು ಸೂಜಿಗೆ ದಾರ ಪೋಣಿಸಿ ಒಂದು ಚಿಂದಿಗೆ ಚುಚ್ಚಿಟ್ಟರೆ ಮರುದಿನದ ಬೈಠಕ್ಕಿಗೆ ಅಜ್ಜಿಯರಿಗೆ ದೊಡ್ಡ ಉಪಕಾರವಾಗುತ್ತದೆ. ಗಂಡಸರಿಗೂ ಕೆಲಸವಿದೆ: ಪರಿಚಯದ ದರ್ಜಿಯಿಂದ ಹತ್ತಿಯ ಚೂರುಗಳನ್ನು ತರುವುದು, ಹಾಸನ್ನು ಸುರುಳಿ ಮಾಡಿ ಕೆಳಗಿಳಿಸುವುದು, ಕೊನೆಗೆ ತೊಳೆಯುವಾಗ ಹಿಂಡುವುದು.

ಬೈಠಕ್ಕಿನ ಆರಂಭದಲ್ಲಿ ಸೂಜಿಗಳನ್ನು ಎಣಿಸಿ ಕೊಡಿ, ಮುಗಿದಾಗ ಎಣಿಸಿ ತೆಗೆದುಕೊಳ್ಳಿ. ಲೆಕ್ಕ ಸರಿಹೋಗುವವರೆಗೆ ಯಾರೂ ಏಳಬಾರದು. ಪದರಗಳ ನಡುವೆ ಸೂಜಿ ಉಳಿದ ಕೌದಿಯನ್ನು ಕೂಸಿಗೆ ಹೊದಿಸುವುದನ್ನು ಊಹಿಸಿದರೆ ಈ ನಿಯಮ ಅತಿ ಎನಿಸದು. ಚಹಾ, ಚುರುಮರಿ, ಮಂಡಕ್ಕಿ ಒಗ್ಗರಣೆ ಎಲ್ಲವೂ ಹಾಸಿನಿಂದ ದೂರ ಇರಲಿ. ಎಲೆ ಅಡಿಕೆ ಹಾಕಿಕೊಳ್ಳುವ ಹಿರಿಯರಿಗೆ ಇದನ್ನು ಹೇಳಲು ಧೈರ್ಯ ಬೇಕು, ಆದರೂ ಹೇಳಲೇಬೇಕು.

ಹೊಲಿಗೆ

ಸೂಜಿ ಉದ್ದವಾಗಿ ಗಟ್ಟಿಯಾಗಿರಲಿ, ದಪ್ಪ ದಾರ ಹಿಡಿಯುವಷ್ಟು ಕಣ್ಣು ದೊಡ್ಡದಿರಲಿ. ಚೀಲ ಹೊಲಿಯುವ ದಬ್ಬಣ ಬಟ್ಟೆಗೆ ತೂತು ಮಾಡುತ್ತದೆ, ಅದು ಬೇಡ. ದಾರ ಹತ್ತಿಯದಾಗಿರಬೇಕು, ದಪ್ಪದ್ದು ಸಿಗದಿದ್ದರೆ ಸಾಮಾನ್ಯ ರೀಲಿನ ದಾರವನ್ನು ಎರಡು ಮೂರು ಎಳೆ ಕೂಡಿಸಿ ಹೊಸೆದು, ಜೇನುಮೇಣದ ಅಥವಾ ಮೇಣದಬತ್ತಿಯ ತುಂಡಿನ ಮೇಲೆ ಎಳೆದುಕೊಂಡರೆ ಗಂಟು ಬೀಳುವುದಿಲ್ಲ. ಒಮ್ಮೆಗೆ ಮೂರು ಅಡಿಗಿಂತ ಉದ್ದದ ದಾರ ಪೋಣಿಸಬಾರದು. ಪದೇ ಪದೇ ಪೋಣಿಸುವ ಬೇಸರಕ್ಕೆ ಉದ್ದ ದಾರ ಹಿಡಿದವರು ಅದರ ಎರಡರಷ್ಟು ಹೊತ್ತನ್ನು ಸಿಕ್ಕು ಬಿಡಿಸುವುದರಲ್ಲಿ ಕಳೆಯುತ್ತಾರೆ. ತಳ್ಳುವ ಬೆರಳಿಗೆ ದರ್ಜಿಗಳು ಹಾಕುವ ಲೋಹದ ಟೊಪ್ಪಿಗೆ ಹಾಕಿಕೊಂಡರೆ ಒಳ್ಳೆಯದು.

ಎಷ್ಟು ದಾರ ಬೇಕೆಂಬುದನ್ನು ಮೊದಲೇ ಲೆಕ್ಕ ಹಾಕಬಹುದು. ಸಾಲಿನಿಂದ ಸಾಲಿಗೆ ಒಂದು ಇಂಚು ಅಂತರ ಬಿಟ್ಟರೆ ಐದೂವರೆ ಅಡಿ ಅಗಲಕ್ಕೆ 66 ಸಾಲು, ಒಂದೊಂದು ಸಾಲು ಏಳು ಅಡಿ. ಒಟ್ಟು 462 ಅಡಿ, ಅಂದರೆ ಸುಮಾರು 140 ಮೀಟರ್ ಹೊಲಿಗೆ. ಸುತ್ತಿ ಬಂದರೂ ಒಟ್ಟು ಉದ್ದ ಹೆಚ್ಚು ಕಡಿಮೆ ಇಷ್ಟೇ. ಪದರಗಳಲ್ಲಿ ಮುಳುಗಿ ಏಳುವುದಕ್ಕೆ, ಗಂಟಿಗೆ, ಉಳಿಯುವ ತುದಿಗೆ ಸೇರಿಸಿ 180 ಮೀಟರ್ ಎಂದಿಟ್ಟುಕೊಳ್ಳಿ. ಜೋಡಿ ಎಳೆಯಲ್ಲಿ ಹೊಲಿದರೆ ಅದರ ಎರಡರಷ್ಟು. ಅಂತರವನ್ನು ಅರ್ಧ ಇಂಚಿಗೆ ಇಳಿಸಿದರೆ ಕೌದಿ ಗಟ್ಟಿಯಾಗುತ್ತದೆ, ಶ್ರಮ ಮತ್ತು ದಾರ ಎರಡೂ ಇಮ್ಮಡಿಯಾಗುತ್ತವೆ. ಏಳು ಅಡಿಯ ಸಾಲಿಗೆ ಪಳಗಿದ ಕೈಗೆ ಕಾಲು ಗಂಟೆ, ಹೊಸ ಕೈಗೆ ಅರ್ಧ ಗಂಟೆ ಹಿಡಿಯುತ್ತದೆ ಎಂಬ ಲೆಕ್ಕದಲ್ಲಿ, ಮಾತುಕತೆಗೆ ಅರ್ಧ ಹೊತ್ತು ಹೋದರೂ ನಾಲ್ವರು ಕೂತರೆ ಹತ್ತು ಬೈಠಕ್ಕಿನಲ್ಲಿ ಕೌದಿ ಮುಗಿಯುತ್ತದೆ.

ಮೊದಲು ಅಂಚನ್ನು ಒಳಕ್ಕೆ ಮಡಚಿ ಸುತ್ತಲೂ ಒಂದು ಸಾಲು ಹಾಕಿ. ಆಮೇಲೆ ತೇಪೆಯ ತುಂಡನ್ನು ಅಂಚಿನ ಬದಿಗೆ ಇಟ್ಟು, ಅದರ ಬದಿಗಳನ್ನು ಅರ್ಧ ಇಂಚು ಒಳಮಡಚಿ, ಕೆಳಗಿನ ಪದರಗಳನ್ನೂ ಕೂಡಿಸಿಕೊಂಡೇ ಹೊಲಿಯುತ್ತ ಸಾಗಬೇಕು. ಎರಡನೆಯ ತೇಪೆ ಮೊದಲಿನದರ ಅಂಚನ್ನು ಸ್ವಲ್ಪ ಮುಚ್ಚಬೇಕು, ಇಲ್ಲದಿದ್ದರೆ ನಡುವೆ ಬಾಯಿ ಬಿಡುತ್ತದೆ. ಚೌಕ, ತ್ರಿಕೋನ, ಉದ್ದ ಪಟ್ಟಿ ಯಾವುದಾದರೂ ಆಗಬಹುದು. ಒಂದು ಸುತ್ತಿಗೆ ಗಾಢ ಬಣ್ಣ, ಮುಂದಿನ ಸುತ್ತಿಗೆ ತಿಳಿ ಬಣ್ಣ ಎಂದು ನಿಯಮ ಮಾಡಿಕೊಂಡರೆ ಬೇರೆ ಬೇರೆ ಮನೆಯ ಬಟ್ಟೆಗಳೂ ಒಂದಕ್ಕೊಂದು ಒಗ್ಗುತ್ತವೆ. ಸೂಜಿಗೆ ಮೂರು ನಾಲ್ಕು ಹೊಲಿಗೆಗಳನ್ನು ಒಟ್ಟಿಗೆ ತುಂಬಿಕೊಂಡು ದಾರ ಎಳೆಯಿರಿ. ಒಂದೊಂದು ಹೊಲಿಗೆ ಕಾಲು ಇಂಚಿನಷ್ಟಿರಲಿ. ತೇಪೆಗಳು ಒಂದರ ಮೇಲೊಂದು ಬಂದು ದಪ್ಪವಾದೆಡೆ ಹೀಗೆ ತುಂಬಿಕೊಳ್ಳಲಾಗದು. ಅಲ್ಲಿ ಸೂಜಿಯನ್ನು ನೆಟ್ಟಗೆ ಇಳಿಸಿ, ಕೆಳಗಿನ ಕೈಯಿಂದ ಹಿಡಿದು, ಮತ್ತೆ ನೆಟ್ಟಗೆ ಏರಿಸಬೇಕು. ಗಂಟನ್ನು ಮೇಲೆ ಕಾಣಿಸದಂತೆ ಎರಡು ಪದರಗಳ ನಡುವೆ ಅಡಗಿಸಿ. ದಾರವನ್ನು ಬಿಗಿಯಾಗಿ ಜಗ್ಗಿದರೆ ಬಟ್ಟೆ ಸುರುಟುತ್ತದೆ, ಸಡಿಲ ಬಿಟ್ಟರೆ ಕಾಲ್ಬೆರಳಿಗೆ ಸಿಕ್ಕಿಕೊಳ್ಳುತ್ತದೆ. ಹೊಲಿದ ಮೇಲ್ಮೈಯಲ್ಲಿ ಸಣ್ಣ ಅಲೆಗಳು ಏಳುವುದು ದೋಷವಲ್ಲ.

ಸಾಲುಗಳು ನಾಲ್ಕು ಬದಿಗೆ ನಾಲ್ಕು ಬಗೆಯಾಗಿ ಕಾಣುತ್ತವೆ. ಒಬ್ಬರ ಹೊಲಿಗೆ ಒತ್ತು, ಇನ್ನೊಬ್ಬರದು ವಿರಳ, ಕೈ ನಡುಗುವ ಅಜ್ಜಿಯದು ಅಂಕುಡೊಂಕು. ಒಂದು ಇಂಚಿಗಿಂತ ದೊಡ್ಡ ಹೊಲಿಗೆ ಬಿದ್ದಿದ್ದರೆ ಪಕ್ಕದಲ್ಲಿ ಇನ್ನೊಂದು ಸಾಲು ಹಾಕಿ ಭದ್ರ ಮಾಡಿ, ಬಿಚ್ಚಬೇಡಿ. ಅಜ್ಜಿ ಮನೆಗೆ ಹೋದ ಮೇಲೆ ಅವರ ಸಾಲನ್ನು ಬಿಚ್ಚಿ ನೆಟ್ಟಗೆ ಹೊಲಿದಿಟ್ಟರೆ, ಮರುದಿನ ಅದು ಅವರ ಕಣ್ಣಿಗೆ ಬೀಳದೆ ಇರುವುದಿಲ್ಲ, ಮತ್ತು ಅವರು ಮತ್ತೆ ಬರುವುದಿಲ್ಲ.

ಸುತ್ತಿ ಬರುವ ಕ್ರಮದಲ್ಲಿ ಹೆಚ್ಚುವರಿ ಬಟ್ಟೆ ನಡುವಿಗೆ ತಳ್ಳಲ್ಪಡುತ್ತದೆ. ಪ್ರತಿ ಬೈಠಕ್ಕಿನ ಕೊನೆಗೆ ಅಂಗೈಯಿಂದ ಸವರಿ ನೋಡಿ, ಉಬ್ಬು ಕಂಡರೆ ಕಚ್ಚಾ ಹೊಲಿಗೆ ಬಿಚ್ಚಿ ಮತ್ತೆ ಹಾಕಿ. ಆದರೂ ಕೊನೆಗೆ ಸ್ವಲ್ಪ ಉಳಿದರೆ ಒಂದು ಮಡಿಕೆ ಹಿಡಿದು ಅದರ ಮೇಲೆ ದೊಡ್ಡ ತೇಪೆ ಕೂರಿಸಬಹುದು. ಟೋಪು ತೆನೆಯ ಸೆರಗನ್ನು ನಡುವಿಗೆ ಮೀಸಲಿಡಿ ಎಂದು ಹೇಳಿದ್ದಕ್ಕೆ ಇದೂ ಒಂದು ಕಾರಣ.

ಸಿದ್ದಿಯರಿಂದ ಕಲಿಯಬೇಕಾದ ಮೂಲೆ

ಅಂಚಿನಿಂದ ನಡುವಿಗೆ ಹೊಲಿಯುವುದರಲ್ಲಿ ನಿಪುಣರು ಉತ್ತರ ಕನ್ನಡದ ಸಿದ್ದಿ ಹೆಣ್ಣುಮಕ್ಕಳು. ಪೋರ್ಚುಗೀಸರ ಕಾಲದಲ್ಲಿ ಗೋವೆ ಮೊದಲಾದೆಡೆಗೆ ತರಲಾದ ಆಫ್ರಿಕನ್ನರ ವಂಶದವರಾದ ಸಿದ್ದಿಯರು ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ತಾಲ್ಲೂಕುಗಳ ಕಾಡಿನಂಚಿನಲ್ಲಿ ನೆಲೆಸಿದ್ದಾರೆ. ಅವರಲ್ಲಿ ಹಿಂದೂಗಳು, ಕ್ರೈಸ್ತರು, ಮುಸ್ಲಿಮರು ಮೂವರೂ ಇದ್ದಾರೆ. ಕ್ರೈಸ್ತ ಮನೆಗಳ ಕೌದಿಯಲ್ಲಿ ಶಿಲುಬೆಯ ಆಕಾರದ ತೇಪೆ, ಮುಸ್ಲಿಂ ಮನೆಗಳದರಲ್ಲಿ ಅರ್ಧಚಂದ್ರ ಕಾಣುವುದುಂಟು. ಅವರ ಕೌದಿಯ ಗುರುತು ಮೂಲೆಗಳಲ್ಲಿದೆ. ಚೌಕ ಬಟ್ಟೆಯ ತುಂಡುಗಳನ್ನು ಮಡಚಿ ಮಡಚಿ ತ್ರಿಕೋನ ಮಾಡಿ, ಬೇರೆ ಬೇರೆ ಬಣ್ಣದವನ್ನು ಒಂದರ ಮೇಲೊಂದಿಟ್ಟು ನಾಲ್ಕೂ ಮೂಲೆಗೆ ಹೂವಿನಂತೆ ಹೊಲಿಯುತ್ತಾರೆ. ಈ ಹೂವಿಲ್ಲದ ಕೌದಿ ಅವರ ಕಣ್ಣಿಗೆ ಬತ್ತಲೆ. ಮೂರು ಇಂಚಿನ ಚೌಕವನ್ನು ಕರ್ಣದ ಮೇಲೆ ಎರಡು ಸಲ ಮಡಚಿದರೆ ಇಂಥ ತ್ರಿಕೋನ ಸಿಗುತ್ತದೆ. ಬಿಚ್ಚಿದ ಬದಿಯನ್ನು ಕೌದಿಯ ಅಂಚಿನ ಪದರಗಳ ನಡುವೆ ತೂರಿಸಿ ಎರಡು ಸಾಲು ಹೊಲಿದರೆ ಗಟ್ಟಿಯಾಗಿ ನಿಲ್ಲುತ್ತದೆ. ಇದನ್ನು ಮಕ್ಕಳೂ ಮಡಚಬಲ್ಲರು.

ನಡುವಿನ ಕೊನೆಯ ತೇಪೆಯನ್ನು ಮುಚ್ಚುವ ಮುನ್ನ ಒಳಗೆ ಕೆಲವು ಅಕ್ಕಿಕಾಳು ಇಡುವ ಪದ್ಧತಿಯೂ ಸಿದ್ದಿಯರಲ್ಲಿ ಇದೆ. ಕೌದಿಯ ಹೊಟ್ಟೆ ಖಾಲಿ ಇರಬಾರದೆಂಬುದು ಅವರ ಭಾವನೆ. ನಿಮ್ಮ ಓಣಿಯ ಕೌದಿಗೆ ಇದನ್ನು ಅನುಸರಿಸುವುದಾದರೆ ಸಂಕ್ರಾಂತಿಯ ಹೊತ್ತಿಗೆ ಸಕ್ಕರೆ ಲೇಪಿಸಿದ ಕುಸರೆಳ್ಳು ಇಡೋಣವೆಂಬ ಸಲಹೆ ಖಂಡಿತ ಬರುತ್ತದೆ. ಸಕ್ಕರೆ ಇದ್ದಲ್ಲಿ ಇರುವೆ ಬರುತ್ತದೆ. ನಾಲ್ಕು ಕಾಳು ಅಕ್ಕಿ ಸಾಕು, ಕುಸರೆಳ್ಳನ್ನು ಹೊಲಿದವರ ಕೈಗೆ ಹಂಚಿ.

ತೊಳೆಯುವುದು, ದುರಸ್ತಿ ಮಾಡುವುದು

ಹೊಸ ಕೌದಿಯನ್ನು ಕೊಡುವ ಮುನ್ನ ಒಮ್ಮೆ ತೊಳೆಯಬೇಕು. ಕಚ್ಚಾ ಹೊಲಿಗೆಯನ್ನು ಅದಕ್ಕೂ ಮೊದಲು ಬಿಚ್ಚಿರಬೇಕು. ನೀರು ಕುಡಿದ ಕೌದಿಯನ್ನು ಒಬ್ಬರೇ ಎತ್ತಲಾಗದು, ಮನೆಯ ಬಟ್ಟೆ ತೊಳೆಯುವ ಯಂತ್ರಕ್ಕೂ ಅದು ಭಾರ. ದೊಡ್ಡ ಬುಟ್ಟಿಯಲ್ಲಿ ಅಂಟುವಾಳದ ಅಥವಾ ಮೆದುವಾದ ಸಾಬೂನಿನ ನೀರಿಗೆ ಹಾಕಿ, ಕಾಲಿನಿಂದ ತುಳಿದು, ಇಬ್ಬರು ಎರಡು ತುದಿ ಹಿಡಿದು ಹಿಂಡಿ. ಒಂದೇ ತಂತಿಯ ಮೇಲೆ ನೇತು ಹಾಕಿದರೆ ಭಾರಕ್ಕೆ ನಡುವಿನ ಹೊಲಿಗೆ ಜಗ್ಗುತ್ತದೆ. ಮಾಳಿಗೆಯ ಗೋಡೆಯ ಮೇಲೋ ಹಾಸಿದ ಚಾಪೆಯ ಮೇಲೋ ಹರಡಿ, ಮಧ್ಯಾಹ್ನ ಮಗುಚಿ ಹಾಕಿ. ಮೇಲೆ ಒಣಗಿದಂತೆ ಕಂಡರೂ ಒಳಪದರದಲ್ಲಿ ಪಸೆ ಇರುವುದರಿಂದ ಎರಡನೆಯ ದಿನದ ಬಿಸಿಲೂ ಬೇಕು. ಬೇಸಿಗೆಯಲ್ಲಿ ಎತ್ತಿಡುವಾಗ ಚೆನ್ನಾಗಿ ಬಿಸಿಲು ಕಾಯಿಸಿ, ಮಡಿಕೆಗಳ ನಡುವೆ ಒಣಗಿದ ಬೇವಿನ ಎಲೆಯನ್ನು ಬಟ್ಟೆಯಲ್ಲಿ ಕಟ್ಟಿಟ್ಟರೆ ಹುಳು ಹತ್ತುವುದಿಲ್ಲ.

ತೇಪೆ ಹರಿದರೆ ಅದರ ಮೇಲೆಯೇ ಇನ್ನೊಂದನ್ನು ಕೂರಿಸಿ. ವರ್ಷಗಳು ಕಳೆದು ಮೇಲ್ಮೈ ಪೂರ್ತಿ ಸವೆದಾಗ, ಹಳೆಯ ಕೌದಿಯನ್ನೇ ಒಳಪದರವಾಗಿಸಿ ಎರಡೂ ಬದಿಗೆ ಒಂದೊಂದು ಸೀರೆ ಹೊದಿಸಿ ಮತ್ತೆ ಹೊಲಿಯಬಹುದು. ಆಗ ಪದರ ಆರು ಏಳಾಗಿರುವುದರಿಂದ ಸಾಲಿನ ಅಂತರವನ್ನು ಎರಡು ಇಂಚಿಗೆ ಹೆಚ್ಚಿಸಿ, ಪ್ರತಿ ಹೊಲಿಗೆಯನ್ನೂ ನೆಟ್ಟಗೆ ಇಳಿಸಿ ಏರಿಸಬೇಕು, ಮತ್ತು ಇದನ್ನು ಹೊಸಬರ ಕೈಗೆ ಕೊಡದೆ ಓಣಿಯಲ್ಲಿ ಎಲ್ಲರಿಗಿಂತ ಗಟ್ಟಿ ಬೆರಳಿನವರನ್ನು ಹುಡುಕಿ ಕೂರಿಸಬೇಕು.